ಕ್ಲೈಮ್ಯಾಕ್ಸ್ ಮುಗಿಸಿ ಬಂದ ನಾಯಕನಿಗೆ ಗಾಯ ಪ್ರಮಾಣಪತ್ರ

ವೈದ್ಯ ವಿದ್ಯಾರ್ಥಿಗಳಾದ ನಮಗಿರುವ ನ್ಯಾಯವೈದ್ಯಶಾಸ್ತ್ರದಲ್ಲಿ ಗಾಯಗಳ ಅಧ್ಯಾಯ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲದಿದ್ದಾಗ ನಾನೊಂದು ಉಪಾಯ ಮಾಡಿಕೊಂಡೆ. ಸಿನಿಮಾದ ಕೊನೆಯ ಹೊಡೆದಾಟ ಮುಗಿಸಿದ ನಾಯಕ ಅದೇ ರಾತ್ರಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಎಂದುಕೊಂಡು ಅವನ ಗಾಯ ಪ್ರಮಾಣಪತ್ರ, ಅಂದರೆ ಯಾವ ಗಾಯ ಎಲ್ಲಿ, ಎಂಥದ್ದು ಎಂದು ವೈದ್ಯರು ಕಾನೂನಿಗಾಗಿ ದಾಖಲಿಸುವ ಪತ್ರ, ಬರೆಯುವುದು. ದೃಶ್ಯ ನಿಮಗೆಲ್ಲ ಗೊತ್ತಿರುವಂಥದ್ದೇ: ಪಾಳು ಗೋದಾಮು, ಖಾಲಿ ಡ್ರಮ್ಮುಗಳು, ಸರದಿಯ ಪ್ರಕಾರ ಬಂದು ಒದೆ ತಿನ್ನುವ ಹತ್ತು ಹನ್ನೆರಡು ಮಂದಿ. ನಾಯಕನ ಬೆನ್ನಿಗೆ ದೊಣ್ಣೆ, ತಲೆಗೆ ಬಾಟಲಿ. ಮುಂದಿನ ದೃಶ್ಯದಲ್ಲಿ ಹಣೆಗೊಂದು ಪುಟ್ಟ ಪಟ್ಟಿ, ಪಕ್ಕದಲ್ಲಿ ನಾಯಕಿ, ಶುಭಂ. ಗುದ್ದಿದರೆ ಮನುಷ್ಯ ಹಾರಿ ಹೋಗುವುದು ಹಗ್ಗದ ಕೆಲಸ ಎಂದು ಮಕ್ಕಳಿಗೂ ಗೊತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ. ಸಿನಿಮಾ ನಮ್ಮಿಂದ ಮುಚ್ಚಿಡುವುದು ಮರುದಿನವನ್ನು.

ಮೊದಲು ಹೊಡೆದವನ ಕೈ ನೋಡಿ. ಒಂದು ಕೈಯಲ್ಲಿ 27 ಮೂಳೆಗಳಿವೆ, ದವಡೆಗೆ ಹೋಲಿಸಿದರೆ ಹೆಚ್ಚಿನವು ಕಡ್ಡಿಗಳೇ. ಕಿರುಬೆರಳಿನ ನೇರಕ್ಕಿರುವ ಅಂಗೈ ಮೂಳೆಯು ಗೆಣ್ಣಿನ ಹಿಂದೆಯೇ ಮುರಿಯುವುದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದು ಹೆಸರು. ಹೆಸರಿಗೆ ಬಾಕ್ಸರ್, ನಿಜದಲ್ಲಿ ಇದು ಸಿಟ್ಟಿನಲ್ಲಿ ಗೋಡೆಗೆ ಗುದ್ದಿಕೊಂಡು ಬರುವವರ ಮುರಿತ. ಮುಷ್ಟಿ ಕಟ್ಟಿಸಿದರೆ ಆ ಒಂದು ಗೆಣ್ಣು ಮಾತ್ರ ಒಳಗೆ ಕುಸಿದಿರುತ್ತದೆ.

ಇದಕ್ಕಿಂತ ಮೋಸದ್ದು ಎದುರಾಳಿಯ ಹಲ್ಲು ತಾಗಿದ ಗಾಯ. ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಸೀಳು, ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಮುಷ್ಟಿ ಬಿಗಿದಿದ್ದಾಗ ಹಲ್ಲು ಚರ್ಮವನ್ನೂ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವನ್ನೂ ದಾಟಿ ಕೀಲಿನೊಳಗೇ ಇಳಿದಿರಬಹುದು. ಬೆರಳು ಬಿಡಿಸಿದ ಕೂಡಲೇ ರಜ್ಜು ಹಿಂದಕ್ಕೆ ಸರಿದು ಬಾಗಿಲು ಹಾಕಿದಂತೆ ತೂತು ಮುಚ್ಚುತ್ತದೆ. ಐಕೆನೆಲ್ಲಾ ಕೊರೋಡೆನ್ಸ್‌ನಂಥ ಬಾಯಿಯ ರೋಗಾಣುಗಳು ಒಳಗೇ ಉಳಿಯುತ್ತವೆ. ಎರಡು ದಿನ ಬಿಟ್ಟು ಕೈ ಊದಿಕೊಂಡು ಬಂದವನು 'ಬಾಗಿಲಿಗೆ ತಾಗಿತು ಡಾಕ್ಟರೇ' ಎನ್ನುತ್ತಾನೆ. ನಂಬಬೇಡಿ. ಗಾಯವನ್ನು ಮುಷ್ಟಿ ಕಟ್ಟಿಸಿಯೇ ಪರೀಕ್ಷಿಸಬೇಕು, ಹೊಲಿಗೆ ಹಾಕಿ ಮುಚ್ಚಬಾರದು. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೇಳದೆ ಬಿಡುವುದಿಲ್ಲ.

ಈಗ ಬೆನ್ನು. ದೊಣ್ಣೆಯೇಟು ಬಿದ್ದಲ್ಲಿ ಒಂದು ಗೆರೆ ಮೂಡುತ್ತದೆ ಎಂದುಕೊಂಡಿದ್ದೆ. ಮೂಡುವುದು ಎರಡು ಗೆರೆ, ರೈಲು ಹಳಿಯಂತೆ, ನಡುವೆ ಬಿಳಿಚಿದ ಪಟ್ಟಿ. ದೊಣ್ಣೆಯ ಕೆಳಗಿನ ರಕ್ತ ಒತ್ತಡಕ್ಕೆ ಎರಡೂ ಬದಿಗೆ ನುಗ್ಗುತ್ತದೆ; ಅಂಚುಗಳಲ್ಲಿ ಜಗ್ಗಿದ ಸಣ್ಣ ರಕ್ತನಾಳಗಳು ಹರಿಯುತ್ತವೆ, ನಡುವಿನವು ಅದುಮಿಕೊಂಡು ಉಳಿಯುತ್ತವೆ. ಬಾಸುಂಡೆ ಎಂಬ ನಮ್ಮ ಮಾತನ್ನು ಇನ್ನು ಮೇಲೆ ಈ ಎರಡು ಗೆರೆಗಳೊಂದಿಗೆ ನೆನಪಿಟ್ಟುಕೊಳ್ಳಿ. ಬಣ್ಣವೂ ದಿನದಿನಕ್ಕೆ ತಿರುಗುತ್ತದೆ: ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕನೇ ದಿನದ ಹೊತ್ತಿಗೆ ಕಂದು, ಐದಾರು ದಿನಕ್ಕೆ ಹಸಿರು, ವಾರ ಕಳೆದರೆ ಹಳದಿ, ಎರಡು ವಾರಕ್ಕೆ ಮಾಯ. ಹಿಮೋಗ್ಲೋಬಿನ್ ಒಡೆದು ಕಂದು ಹಿಮೋಸಿಡರಿನ್, ಹಸಿರು ಬಿಲಿವರ್ಡಿನ್, ಹಳದಿ ಬಿಲಿರುಬಿನ್ ಆಗುವ ಕಥೆ ಇದು. ಪುಸ್ತಕದ ಈ ವೇಳಾಪಟ್ಟಿಯನ್ನು ದೇಹ ಅಷ್ಟು ಶಿಸ್ತಾಗಿ ಪಾಲಿಸುವುದಿಲ್ಲ. ವಯಸ್ಸು, ಜಾಗ, ಚರ್ಮದ ಬಣ್ಣ ಎಲ್ಲವೂ ಲೆಕ್ಕ ತಪ್ಪಿಸುತ್ತವೆ. ಮೇಕಪ್ಪಿನವರ ಬಳಿ ಮಾತ್ರ ಮೂರು ದೃಶ್ಯಕ್ಕೂ ಒಂದೇ ನೀಲಿ.

ತಲೆಯ ವಿಷಯದಲ್ಲಿ ಸಿನಿಮಾ ಒಂದು ಸರಿ ಮಾಡುತ್ತದೆ, ಒಂದು ಪೂರಾ ತಪ್ಪು ಮಾಡುತ್ತದೆ. ರಕ್ತ ಧಾರಾಕಾರ ಸುರಿಯುವುದು ಸರಿ. ನೆತ್ತಿಯ ರಕ್ತನಾಳಗಳು ಗಟ್ಟಿ ಅಂಗಾಂಶಕ್ಕೆ ಅಂಟಿಕೊಂಡಿರುವುದರಿಂದ ತುಂಡಾದರೂ ಮುದುಡಿ ಮುಚ್ಚಿಕೊಳ್ಳುವುದಿಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನಪಿಸಿಕೊಳ್ಳಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಸೆಣಸುತ್ತಾರೆ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಬೇಗ ಮುಗಿಯುವುದೂ ಉಂಟು. ಪಳಗಿದ ಜಟ್ಟಿಗಳದೇ ಹೀಗಾದರೆ ಗೋದಾಮಿನ ಹದಿನೈದು ನಿಮಿಷದ ಕಾಳಗಕ್ಕೆ ಉಸಿರು ಎಲ್ಲಿಂದ ಬರಬೇಕು?

ತಪ್ಪು ಇರುವುದು ಮೂರ್ಛೆಯಲ್ಲಿ. ಬಾಟಲಿ ಏಟಿಗೆ ಬಿದ್ದವನು ಎರಡು ಗಂಟೆ ಬಿಟ್ಟು ಕುರ್ಚಿಗೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಕಣ್ಣು ಬಿಟ್ಟು ಸವಾಲು ಹಾಕುತ್ತಾನೆ. ಪ್ರಜ್ಞೆ ತಪ್ಪಿದ್ದು 30 ನಿಮಿಷ ಮೀರಿದರೆ ಅದು ಸೌಮ್ಯ ಮಿದುಳು ಗಾಯದ ವರ್ಗಕ್ಕೇ ಸೇರುವುದಿಲ್ಲ. ಇದರ ಉಲ್ಟಾ ಸಂಗತಿ ಇನ್ನೂ ಭಯಾನಕ. ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ ತೆಳು ಮೂಳೆ ಸೀಳಿ, ಮಿದುಳಿನ ಹೊದಿಕೆಗೆ ರಕ್ತ ಒಯ್ಯುವ ಮಿಡ್ಲ್ ಮೆನಿಂಜಿಯಲ್ ಅಪಧಮನಿ ಹರಿದಿರುತ್ತದೆ. ಗಾಯಾಳು ಎದ್ದು ಕುಳಿತು, ಮಾತಾಡಿ, ನೀರು ಕುಡಿದು, 'ಏನೂ ಆಗಿಲ್ಲ' ಎಂದು ಮನೆಗೆ ಹೋಗುತ್ತಾನೆ. ಕೆಲವು ಗಂಟೆಗಳಲ್ಲಿ ರಕ್ತದ ಗಡ್ಡೆ ಮಿದುಳನ್ನು ಒತ್ತುತ್ತದೆ. ಆ ನಡುವಿನ ಹೊತ್ತಿಗೆ ಲ್ಯೂಸಿಡ್ ಇಂಟರ್ವಲ್ ಎನ್ನುತ್ತಾರೆ. ಸಿನಿಮಾದ ಶುಭಂ ಬೀಳುವುದು ಬಹುಶಃ ಆ ಹೊತ್ತಿನಲ್ಲೇ.

ತೊಡೆ, ಪೃಷ್ಠಗಳಿಗೆ ಬಿದ್ದ ಏಟುಗಳನ್ನು ಸಾದಾ ಎಂದು ಬರೆದು ಕಳಿಸುವ ಮುನ್ನ ಮೂತ್ರದ ಬಣ್ಣ ಕೇಳಿ. ಜಜ್ಜಿಹೋದ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರವನ್ನು ಕಪ್ಪು ಚಹಾದಂತೆ ಮಾಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಲಂಡನ್ನಿನ ಬಾಂಬ್ ದಾಳಿಯಲ್ಲಿ ಅವಶೇಷಗಳಡಿ ಸಿಲುಕಿ ಬದುಕಿ ಬಂದವರು ಆಮೇಲೆ ಸತ್ತದ್ದು ಹೀಗೆಯೇ ಎಂದು ಸಂಶೋಧಕರಾದ ಬೈವಾಟರ್ಸ್ ಮತ್ತು ಬೀಲ್ 1941ರಲ್ಲಿ ವರದಿ ಮಾಡಿದರು. ಎದುರಿಗೆ ನಿಂತಿರುವವನ ಒಂದು ಮೂಳೆಯೂ ಮುರಿದಿರುವುದಿಲ್ಲ ಎಂಬುದೇ ಇಲ್ಲಿನ ಬಲೆ.

ಕೊನೆಗೆ ಕಾನೂನು. ನಾಯಕನ ಏಟಿಗೆ ಹಲ್ಲು ಮುರಿದುಕೊಂಡ ಪ್ರತಿಯೊಬ್ಬ ಖಳನದೂ ಕಾನೂನಿನ ಲೆಕ್ಕದಲ್ಲಿ ಸಾದಾ ಅಲ್ಲ, ತೀವ್ರ ಗಾಯವೇ. ಮೂಳೆಯಾಗಲಿ ಹಲ್ಲಾಗಲಿ ಮುರಿದರೆ ಅಥವಾ ಸ್ಥಾನ ತಪ್ಪಿದರೆ ಸಾಕು. ಆತ್ಮರಕ್ಷಣೆ ಎಂದು ಸಾಬೀತಾಗದಿದ್ದರೆ ತಲೆಗೊಂದರಂತೆ ಏಳು ವರ್ಷದವರೆಗೆ ಶಿಕ್ಷೆ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಇದು ಭಾರತೀಯ ದಂಡ ಸಂಹಿತೆಯ ಕಲಂ 320, ತೀವ್ರ ನೋವು 20 ದಿನ ಇದ್ದರೂ ಅದು ತೀವ್ರ ಗಾಯ ಎಂದಿರುತ್ತದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 116, ದಿನ 15. ಉತ್ತರದಲ್ಲಿ ಹೊಸದನ್ನೇ ಬರೆಯಿರಿ.