ಮೊಬೈಲ್ ಗೇಮ್: ಹಣ ಕೊಟ್ಟ ನಂತರದ 48 ಗಂಟೆ

ಮೊಬೈಲ್ ಗೇಮ್ ಕೊಂಡು ಬೇಸರಪಟ್ಟವರ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅನೇಕವು ಒಂದೇ ಕಡೆ ಬಂದು ನಿಲ್ಲುತ್ತವೆ. ರೀಫಂಡ್ ಕೇಳುವ ಅವಧಿ ಶುರುವಾಗುವುದು ಹಣ ಪಾವತಿಯಾದ ಗಳಿಗೆಯಿಂದ, ಗೇಮ್ ತೆರೆದ ಗಳಿಗೆಯಿಂದ ಅಲ್ಲ. ಮನೆಗೆ ಫೈಬರ್ ವೈಫೈ ಎಳೆಸಿಕೊಂಡವರಿಗೆ ಈ ಎರಡರ ನಡುವೆ ಹತ್ತು ನಿಮಿಷದ ಅಂತರ. ನಮ್ಮ ಕೊಡಗಿನ ನಾಪೋಕ್ಲು, ಭಾಗಮಂಡಲ ಕಡೆಯ ತೋಟದ ಮನೆಯಲ್ಲಿ ಜುಲೈ ಮಳೆ ಹಿಡಿದುಕೊಂಡಾಗ ಅದೇ ಅಂತರ ಎರಡು ದಿನಕ್ಕೂ ಹೋಗುತ್ತದೆ. ಗೇಮ್ ಪೂರ್ತಿ ಇಳಿದು, ತೆರೆದು, ಇದು ನಮಗಲ್ಲ ಎಂದು ಗೊತ್ತಾಗುವ ಹೊತ್ತಿಗೆ ವಾಪಸ್ ಕೊಡುವ ಸಮಯ ಮುಗಿದಿರುತ್ತದೆ.

ಗೂಗಲ್ ಪ್ಲೇ ಸ್ಟೋರ್‌ನ ಲೆಕ್ಕ ಹೀಗಿದೆ. ಹಣ ಕೊಟ್ಟು ಕೊಂಡ ಗೇಮ್‌ನ ಪುಟದಲ್ಲಿ ಮೊದಲ ಸುಮಾರು 2 ಗಂಟೆ ರೀಫಂಡ್ ಬಟನ್ ಇರುತ್ತದೆ. ಒತ್ತಿದರೆ ಹೆಚ್ಚು ವಿಚಾರಣೆಯಿಲ್ಲದೆ ಹಣ ವಾಪಸಾಗುತ್ತದೆ. ಅದು ದಾಟಿದ ಮೇಲೆ 48 ಗಂಟೆಯೊಳಗೆ ಪ್ಲೇ ವೆಬ್‌ಸೈಟ್‌ನ ಆರ್ಡರ್ ಹಿಸ್ಟರಿಗೆ ಹೋಗಿ ಕಾರಣ ಬರೆದು ಕೇಳಬಹುದು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. 48 ಗಂಟೆಯೂ ಕಳೆದರೆ ಗೇಮ್ ಮಾಡಿದ ಕಂಪನಿಯನ್ನೇ ಕೇಳಬೇಕು. ಒಮ್ಮೆ ವಾಪಸ್ ಮಾಡಿದ ಗೇಮನ್ನು ಮತ್ತೆ ಕೊಂಡರೆ ಎರಡನೇ ಸಲ ರೀಫಂಡ್ ಸಿಗುತ್ತದೆಂದು ನಂಬಿಕೊಳ್ಳಬೇಡಿ. ಐಫೋನ್‌ನವರು ಆಪಲ್‌ನ ‘ರಿಪೋರ್ಟ್ ಎ ಪ್ರಾಬ್ಲಂ’ ಪುಟದಲ್ಲಿ ಕೇಳಬೇಕು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಉತ್ತರ ಬರುತ್ತದೆ.

ಈಗ ನೆಟ್ ಪ್ಯಾಕ್‌ನ ಲೆಕ್ಕಕ್ಕೆ ಬನ್ನಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು 3 ಜಿಬಿಯ ಗೇಮ್ ಕೊಂಡರೆ ಎರಡು ದಿನದ ಡೇಟಾ ಪೂರ್ತಿ ಅದಕ್ಕೇ ಬೇಕು. ಮೊದಲ ದಿನದ ಪಾಲು ಮುಗಿದ ಮೇಲೆ ಅನೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 1 ಜಿಬಿ ಇಳಿಯಲು ಸುಮಾರು 35 ಗಂಟೆ ಹಿಡಿಯುತ್ತದೆ. ಇದರ ಮಧ್ಯೆ ಮರ ಬಿದ್ದು ಲೈನ್ ಹೋದರೆ ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಸಿಗ್ನಲ್. ಆದ್ದರಿಂದ ಗೇಮ್ ಕೊಳ್ಳುವ ಕೆಲಸವನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಳ್ಳೆಯ ವೈಫೈ ಸಿಗುವ ಕಡೆ ಕೂತು ಮಾಡಿ, ಮುಂದಿನ ಎರಡು ಗಂಟೆ ಬಿಡುವಿರುವ ದಿನವೇ ಮಾಡಿ. ಮಳೆಗಾಲಕ್ಕೆಂದು ಕೊಳ್ಳುವುದಾದರೆ ಮೇ ತಿಂಗಳಲ್ಲೇ ಮುಗಿಸಿಕೊಳ್ಳುವುದು ಮೇಲು.

ಪ್ಲೇ ಸ್ಟೋರ್ ಪುಟದಲ್ಲಿ ಕಾಣುವ ಗಾತ್ರವನ್ನು ಪೂರ್ತಿ ನಂಬುವಂತಿಲ್ಲ. ಅಲ್ಲಿ 150 ಎಂಬಿ ಎಂದಿರುತ್ತದೆ, ತೆರೆದ ಮೇಲೆ ಒಳಗಿನಿಂದ ಇನ್ನೂ 2 ಜಿಬಿ ಎಳೆಯುತ್ತದೆ. ಪ್ಲೇ ಸ್ಟೋರ್‌ನ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಗೇಮ್ ಒಳಗಿನ ಡೌನ್‌ಲೋಡ್ ಕೆಲವು ಗೇಮ್‌ಗಳಲ್ಲಿ ಮೊದಲಿನಿಂದ ಶುರುವಾಗುತ್ತದೆ, ಸಿಗ್ನಲ್ ಬಂದು ಹೋಗಿ ಮಾಡುವ ಮನೆಗಳಲ್ಲಿ ಡೇಟಾ ಸುಮ್ಮನೆ ಕರಗುವುದು ಇಲ್ಲೇ. ರಿವ್ಯೂಗಳ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಪದ ಇರುವವನ್ನು ಹುಡುಕಿ ಓದಿದರೆ ಈ ತೊಂದರೆ ಮೊದಲೇ ಗೊತ್ತಾಗುತ್ತದೆ. ಫೋನ್‌ನಲ್ಲಿ ಗೇಮ್‌ನ ಗಾತ್ರದ ಎರಡರಷ್ಟು ಜಾಗ ಖಾಲಿ ಇಟ್ಟುಕೊಳ್ಳಿ, ಫೈಲ್ ಬಿಚ್ಚುವಾಗ ಅಷ್ಟು ಬೇಕಾಗುತ್ತದೆ.

ಆ ಮೊದಲ ಎರಡು ಗಂಟೆಯಲ್ಲಿ ನೋಡಬೇಕಾದದ್ದು ಗೇಮ್ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನಷ್ಟೇ ಅಲ್ಲ. ಒಮ್ಮೆ ನೆಟ್ ಹಾಕಿಕೊಂಡು ತೆರೆದು ಒಂದು ಹಂತ ಆಡಿ, ಮುಚ್ಚಿ. ಫೋನ್ ರೀಸ್ಟಾರ್ಟ್ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿ, ಮತ್ತೆ ತೆರೆಯಿರಿ. ‘ಆಫ್‌ಲೈನ್’ ಎಂದು ಬರೆದುಕೊಂಡ ಎಷ್ಟೋ ಗೇಮ್‌ಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಹಣ ಕೊಟ್ಟು ಕೊಂಡದ್ದೇ ಎಂದು ಸ್ಟೋರ್‌ನಲ್ಲಿ ಖಚಿತಪಡಿಸಿಕೊಳ್ಳಲು ಕೆಲವಕ್ಕೆ ನೆಟ್ ಬೇಕು, ಇನ್ನು ಕೆಲವಕ್ಕೆ ಜಾಹೀರಾತು ಬರದಿದ್ದರೆ ಮುಂದಿನ ಹಂತ ತೆರೆಯುವುದಿಲ್ಲ. ನಮ್ಮ ಕಡೆ ಮೂರು ದಿನ ಕರೆಂಟ್ ಇಲ್ಲದ, ನೆಟ್‌ವರ್ಕ್ ಇಲ್ಲದ ಹೊತ್ತಿಗೆಂದೇ ಗೇಮ್ ಕೊಳ್ಳುವವರಿಗೆ ಇದು ದೊಡ್ಡ ಮೋಸವೇ ಸರಿ. ಆಮೇಲೆ ಇಪ್ಪತ್ತು ನಿಮಿಷ ಬಿಡದೆ ಆಡಿ. ಫೋನ್ ಬಿಸಿಯಾಗಿ ವೇಗ ಇಳಿಯುವುದು ಸ್ವಲ್ಪ ಹೊತ್ತು ಆಡಿದ ಮೇಲೆಯೇ ಕಾಣುವುದು. ಕಡೆಗೆ ಸೆಟ್ಟಿಂಗ್ಸ್‌ನಲ್ಲಿ ಪ್ಲೇ ಗೇಮ್ಸ್ ಅಥವಾ ಇಮೇಲ್ ಖಾತೆಗೆ ಜೋಡಿಸುವ ಅವಕಾಶ ಇದೆಯೇ ನೋಡಿ. ‘ಗೆಸ್ಟ್’ ಆಗಿ ಆಡಿದ ಗೇಮನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ದಾಟಿದ ಹಂತಗಳೂ ಒಳಗೆ ಕೊಂಡ ವಸ್ತುಗಳೂ ಹೋಗುತ್ತವೆ. ಮೊದಲ ಕೆಲವು ಹಂತ ಉಚಿತ, ಉಳಿದದ್ದಕ್ಕೆ ಒಂದೇ ಸಲ ಹಣ ಎನ್ನುವ ಗೇಮ್ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ, ಈ ಎಲ್ಲ ಪರೀಕ್ಷೆಯನ್ನೂ ಹಣ ಕೊಡುವ ಮೊದಲೇ ಮಾಡಿ ಮುಗಿಸಬಹುದು.

‘ದುಡ್ಡು ಕಟ್ ಆಗಿದೆ, ಗೇಮ್ ಬಂದಿಲ್ಲ’ ಎನ್ನುವುದು ಇನ್ನೊಂದು ನಿತ್ಯದ ದೂರು. ಸಿಗ್ನಲ್ ಅಲುಗಾಡುವಾಗ ಯುಪಿಐ ಪಾವತಿ ‘ಪೆಂಡಿಂಗ್’ನಲ್ಲಿ ನಿಲ್ಲುತ್ತದೆ. ಆಗ ಮತ್ತೊಮ್ಮೆ ಪಾವತಿ ಮಾಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಪಾವತಿಗಳ ವಿಭಾಗದಲ್ಲಿ ಹಿಸ್ಟರಿ ನೋಡಿ. ಅಲ್ಲಿ ‘ಜಿಪಿಎ’ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇದ್ದರೆ ಆರ್ಡರ್ ಅವರಲ್ಲಿ ದಾಖಲಾಗಿದೆ, ಗೂಗಲ್ ಕಡೆ ವಿಚಾರಿಸಿ. ಇಲ್ಲದಿದ್ದರೆ ಯುಪಿಐ ಆ್ಯಪ್‌ನಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಂಡು ಬ್ಯಾಂಕ್‌ಗೆ ದೂರು ಕೊಡಿ. ರಿಸರ್ವ್ ಬ್ಯಾಂಕ್‌ನ 2019ರ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ತಲುಪದೆ ಖಾತೆಯಿಂದ ಹೋದ ಯುಪಿಐ ಹಣ ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಎರಡಕ್ಕೂ ಮೊದಲು ಒಂದು ಸಣ್ಣ ವಿಷಯ ನೋಡಿಕೊಳ್ಳಿ: ಫೋನ್‌ನಲ್ಲಿ ಅಪ್ಪನದೊಂದು, ಮಗನದೊಂದು ಎರಡು ಗೂಗಲ್ ಖಾತೆ ಇದ್ದರೆ ಗೇಮ್ ಒಂದರಲ್ಲಿ ಕೊಂಡಿದ್ದು ಇನ್ನೊಂದರಲ್ಲಿ ಹುಡುಕುತ್ತಿರುತ್ತೀರಿ. ಖಾತೆ ಬದಲಿಸಿದ ಕೂಡಲೇ ಗೇಮ್ ಸಿಗುತ್ತದೆ. ಕೊಂಡ ಗೇಮನ್ನು ಮನೆಯವರೊಂದಿಗೆ ಹಂಚಿಕೊಳ್ಳಬೇಕಿದ್ದರೆ ಫ್ಯಾಮಿಲಿ ಲೈಬ್ರರಿ ಇದೆ, ಇನ್ನೂ ಐದು ಜನರಿಗೆ ಅವಕಾಶ. ಗೇಮ್ ಒಳಗೆ ಕೊಂಡ ವಸ್ತುಗಳು ಮಾತ್ರ ಅದರಲ್ಲಿ ಬರುವುದಿಲ್ಲ.

ಉಚಿತ ಗೇಮ್‌ಗಳಲ್ಲಿ ಹಣ ಹೋಗುವುದು ಈ ಒಳಗಿನ ಖರೀದಿಯಲ್ಲಿ. ಪ್ಲೇ ಸ್ಟೋರ್‌ನ ‘ಈ ಗೇಮ್ ಬಗ್ಗೆ’ ಭಾಗದಲ್ಲಿ ಕೆಳಗೆ ಹೋದರೆ ಒಂದೊಂದು ವಸ್ತುವಿನ ಬೆಲೆ ಎಷ್ಟರಿಂದ ಎಷ್ಟರವರೆಗೆ ಎಂದು ಬರೆದಿರುತ್ತದೆ. ಮೇಲಿನ ಅಂಕಿ ಸಾವಿರಗಳಲ್ಲಿದ್ದರೆ ಆ ಗೇಮ್ ನಿಮ್ಮನ್ನು ಎಲ್ಲಿಗೆ ಕರೆದೊಯ್ಯಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಯುಪಿಐ ಪಾವತಿಯಲ್ಲಿ ಪಿನ್ ಕೇಳುತ್ತದೆ, ಆದರೆ ಪ್ಲೇ ಬ್ಯಾಲೆನ್ಸ್‌ನಲ್ಲಿರುವ ಹಣಕ್ಕೂ ಸಿಮ್ ಬಿಲ್‌ಗೆ ಸೇರುವ ಪಾವತಿಗೂ ಆ ಕಾವಲಿಲ್ಲ. ಮಕ್ಕಳ ಕೈಗೆ ಕೊಡುವ ಫೋನ್‌ನಲ್ಲಿ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿಬಿಡಿ. ತಿಂಗಳ ಚಂದಾ ಇದ್ದರೆ ಗೇಮ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಸಬ್‌ಸ್ಕ್ರಿಪ್ಷನ್ ವಿಭಾಗದಲ್ಲಿ ಬೇರೆಯಾಗಿ ರದ್ದು ಮಾಡಬೇಕು. ‘ಇನ್ನು 10 ನಿಮಿಷ ಮಾತ್ರ ಈ ಬೆಲೆ’ ಎಂದು ಗಡಿಯಾರ ಓಡಿಸಿ, ಮರುದಿನವೂ ಅದೇ ಗಡಿಯಾರ ತೋರಿಸುವುದು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಪಟ್ಟಿ ಮಾಡಿದ 13 ವಂಚಕ ತಂತ್ರಗಳಲ್ಲಿ ಒಂದು. ಅಂಥದ್ದರ ಸ್ಕ್ರೀನ್‌ಶಾಟ್ ತೆಗೆದಿಟ್ಟು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಮೊತ್ತ ದೊಡ್ಡದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ.

ಒಳಗೆ ಕೊಂಡದ್ದು ನಮ್ಮ ಸ್ವಂತ ಎಂದುಕೊಳ್ಳುವಂತಿಲ್ಲ, ಆಡಲು ಸಿಕ್ಕ ಅನುಮತಿ ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾದಾಗ ಅವುಗಳಲ್ಲಿ ಬಟ್ಟೆ, ಬಂದೂಕಿಗೆ ಸುರಿದ ಹಣಕ್ಕೆ ಏನು ಗತಿ ಎಂದು ಹುಡುಗರು ಕೇಳಿದ್ದು ನೆನಪಿರಬಹುದು. 2017ರಲ್ಲಿ ಐಒಎಸ್ 11 ಬಂದಾಗ ಹಳೆಯ 32 ಬಿಟ್ ಗೇಮ್‌ಗಳು, ಹಣ ಕೊಟ್ಟವೂ ಸೇರಿ, ತೆರೆಯುವುದನ್ನೇ ನಿಲ್ಲಿಸಿದವು. ಆಂಡ್ರಾಯ್ಡ್‌ನಲ್ಲೂ ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಗೇಮ್ ಹೊಸ ಫೋನ್‌ನ ಪ್ಲೇ ಸ್ಟೋರ್‌ನಲ್ಲಿ ಕಾಣದೇ ಹೋಗುತ್ತದೆ. ಕೊಳ್ಳುವ ಮೊದಲು ಕೊನೆಯ ಅಪ್‌ಡೇಟ್ ದಿನಾಂಕ ನೋಡುವುದು ಇದಕ್ಕೇ. ಹಣ ಕಟ್ಟಿ ಹಣ ಗೆಲ್ಲುವ ಗೇಮ್‌ಗಳ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಅವನ್ನು ನಿಷೇಧಿಸಿದೆ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕಿಕೊಳ್ಳುವ ಆ್ಯಪ್ ಫೈಲ್) ಆಗಿ ಬರುವ ಅಂಥವನ್ನು ಮುಟ್ಟಲೇಬೇಡಿ, ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ರಿವ್ಯೂ. 4.5 ಸ್ಟಾರ್ ಎಂಬ ಒಂದೇ ಅಂಕಿ ನೋಡಿ ಕೊಂಡವರೇ ಹೆಚ್ಚು ಬೇಸರಪಡುವುದು. ಸ್ಟಾರ್ ಕೇಳುವ ಕಿಟಕಿ ಬಹುತೇಕ ಗೇಮ್‌ಗಳಲ್ಲಿ ಗೆದ್ದ ಕೂಡಲೇ ಮೇಲೇಳುತ್ತದೆ, ಖುಷಿಯಲ್ಲಿ ಐದು ಒತ್ತಿ ಮುಂದೆ ಹೋಗುತ್ತಾರೆ. ಅದು ಮೊದಲ ಅರ್ಧ ಗಂಟೆಯ ಅಭಿಪ್ರಾಯ. ಸ್ಟಾರ್ ಕೊಟ್ಟರೆ ನಾಣ್ಯ ಕೊಡುತ್ತೇವೆ ಎನ್ನುವುದಕ್ಕೆ ಪ್ಲೇ ಸ್ಟೋರ್ ನಿಯಮದಲ್ಲಿ ಅವಕಾಶವೇ ಇಲ್ಲ, ಹಾಗೆ ಕೇಳುವ ಗೇಮ್‌ನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಓದುವಾಗ ಹೊಸತು ಮೊದಲು ಬರುವಂತೆ ಜೋಡಿಸಿಕೊಂಡು ಎರಡು, ಮೂರು ಸ್ಟಾರ್‌ನವನ್ನು ಓದಿ. ಒಂದು ಸ್ಟಾರ್‌ನವರು ಸಿಟ್ಟಿನಲ್ಲಿರುತ್ತಾರೆ, ಮಧ್ಯದವರು ಗೇಮನ್ನು ಇಷ್ಟಪಟ್ಟು ಯಾವುದೋ ಒಂದು ಕಾರಣಕ್ಕೆ ನೊಂದವರು. ಆ ಕಾರಣವೇ ನಿಮಗೆ ಬೇಕಾದ ಮಾಹಿತಿ.

ನಮ್ಮ ಜಿಲ್ಲೆಯವರು ಬರೆಯುವ ರಿವ್ಯೂಗಳಲ್ಲಿ ಮತ್ತೆ ಮತ್ತೆ ಕಾಣುವ ಪದ ‘ಲ್ಯಾಗ್’. ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಟ್ರೈನಿಂಗ್ ಹಂತದಲ್ಲಿ, ಅಂದರೆ ಒಬ್ಬರೇ ಆಡುವಾಗ ಎಲ್ಲವೂ ಸಲೀಸಾಗಿದ್ದು, ಎದುರಾಳಿಗಳು ಬಂದಾಗ ಮಾತ್ರ ಅವರು ಜಿಗಿದು ಜಿಗಿದು ಕಂಡರೆ ಅದು ನೆಟ್‌ವರ್ಕ್ ತೊಂದರೆ. ಪಿಂಗ್, ಅಂದರೆ ಫೋನ್‌ನಿಂದ ಗೇಮ್‌ನ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, 100 ಮಿಲಿಸೆಕೆಂಡ್ ಒಳಗಿದ್ದರೆ ಆಡಬಹುದು, 200 ದಾಟಿದರೆ ಆಗದು. ಒಬ್ಬರೇ ಆಡುವಾಗಲೂ ಮೊದಲಿನಿಂದಲೇ ತಡವರಿಸಿದರೆ ಗೇಮ್ ಆ ಫೋನ್‌ನ ಶಕ್ತಿಗೆ ಮೀರಿದ್ದು, ಗ್ರಾಫಿಕ್ಸ್ ಇಳಿಸಿ ನೋಡಬೇಕು. ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ತಡವರಿಸಿದರೆ ಬಿಸಿ ಕಾರಣ. ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು, ದಪ್ಪ ಕವರ್ ಹಾಕಿಕೊಂಡು ಆಡುವವರಿಗೆ ಇದು ಬೇಗ ಬರುತ್ತದೆ. ಇವುಗಳ ಜೊತೆಗೆ ನಮ್ಮಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಇನ್ನೊಂದಿದೆ: ಕರೆಂಟ್ ಯಾವಾಗ ಬರುತ್ತದೋ ಎಂದು ದಿನವಿಡೀ ಬ್ಯಾಟರಿ ಸೇವರ್ ಹಾಕಿಟ್ಟ ಫೋನ್. ಬ್ಯಾಟರಿ ಸೇವರ್ ಪ್ರೊಸೆಸರ್‌ನ ವೇಗವನ್ನೇ ತಗ್ಗಿಸುತ್ತದೆ, ಯಾವ ಗೇಮ್ ಆದರೂ ಎಳೆಯುತ್ತದೆ. ಅದನ್ನು ಆಫ್ ಮಾಡಿ ಆಡಿ ನೋಡದೆ ಒಂದು ಸ್ಟಾರ್ ಕೊಟ್ಟರೆ ಗೇಮ್ ಮಾಡಿದವರಿಗೆ ಅನ್ಯಾಯವಾಗುತ್ತದೆ.

‘ವೇಸ್ಟ್ ಗೇಮ್, ದುಡ್ಡು ದಂಡ, ಯಾರೂ ಹಾಕ್ಬೇಡಿ’ ಎಂಬುದರಿಂದ ಕೊಳ್ಳುವವರಿಗೂ ಪ್ರಯೋಜನವಿಲ್ಲ, ಮಾಡಿದವರಿಗೂ ಇಲ್ಲ. ಪ್ಲೇ ಸ್ಟೋರ್ ಕೊಡುವ 500 ಅಕ್ಷರದಲ್ಲಿ ಹೀಗೆ ಬರೆಯಬಹುದು: ‘4 ಜಿಬಿ ರ‍್ಯಾಮ್, ಆಂಡ್ರಾಯ್ಡ್ 13, ಗೇಮ್ ವರ್ಷನ್ 2.4. ಏಳನೇ ಹಂತದಲ್ಲಿ ಸೇತುವೆ ದಾಟಿದ ಕೂಡಲೇ ಗೇಮ್ ಮುಚ್ಚಿಹೋಗುತ್ತದೆ, ಮೂರು ಸಲವೂ ಅಲ್ಲೇ. ಗ್ರಾಫಿಕ್ಸ್ ಇಳಿಸಿದರೂ ಅಷ್ಟೇ. ನೆಟ್ ಇಲ್ಲದೆ ಆಡಬಹುದು. ಮೊದಲ ಆರು ಹಂತ ಚೆನ್ನಾಗಿವೆ.’ ಫೋನ್ ಮಾಡೆಲ್, ಆಂಡ್ರಾಯ್ಡ್ ವರ್ಷನ್ ಕಂಪನಿಯವರಿಗೆ ತಾನಾಗಿಯೇ ಕಾಣುತ್ತದೆ, ಆದರೆ ಓದುವ ಗ್ರಾಹಕರಿಗೆ ಕಾಣುವುದಿಲ್ಲ, ಹಾಗಾಗಿ ಬರೆಯಲೇಬೇಕು. ಆರ್ಡರ್ ಸಂಖ್ಯೆ, ಫೋನ್ ನಂಬರ್ ಮಾತ್ರ ಹಾಕಬೇಡಿ, ನಿಮ್ಮ ಗೂಗಲ್ ಖಾತೆಯ ಹೆಸರು, ಚಿತ್ರ ಎಲ್ಲರಿಗೂ ಕಾಣುವ ಜಾಗ ಅದು. ಕನ್ನಡದಲ್ಲೇ ಬರೆಯಿರಿ. ಗೇಮ್ ಮಾಡಿದವರು ಅದನ್ನು ತಮ್ಮ ಭಾಷೆಗೆ ಅನುವಾದಿಸಿಕೊಂಡು ಓದಬಲ್ಲರು, ನಮ್ಮವರಿಗೆ ನೇರವಾಗಿ ತಲುಪುತ್ತದೆ. ಬರೆದದ್ದು ತಕ್ಷಣ ಕಾಣದಿದ್ದರೆ ಒಂದು ದಿನ ಕಾಯಿರಿ. ಬೀಟಾ ಪರೀಕ್ಷೆಗೆ (ಹೊಸ ವರ್ಷನ್ ಎಲ್ಲರಿಗೂ ಬರುವ ಮೊದಲೇ ಆಡಿ ನೋಡುವುದಕ್ಕೆ) ಸೇರಿಕೊಂಡಿದ್ದರೆ ನಿಮ್ಮ ರಿವ್ಯೂ ಕಂಪನಿಗೆ ಮಾತ್ರ ಹೋಗುತ್ತದೆ, ಎಲ್ಲರಿಗೂ ಕಾಣಬೇಕಿದ್ದರೆ ಬೀಟಾದಿಂದ ಹೊರಬರಬೇಕು.

ಕಂಪನಿ ಉತ್ತರ ಕೊಟ್ಟರೆ ಇಮೇಲ್ ಬರುತ್ತದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದಷ್ಟೇ ಇದ್ದರೆ ರಿವ್ಯೂವನ್ನು ಹಾಗೇ ಬಿಡಿ. ಇಂಥ ವರ್ಷನ್‌ನಲ್ಲಿ ಸರಿಪಡಿಸಿದ್ದೇವೆ ಎಂದಿದ್ದರೆ ಅಪ್‌ಡೇಟ್ ಹಾಕಿ ಅದೇ ಏಳನೇ ಹಂತವನ್ನು ಮತ್ತೆ ಆಡಿ. ಸರಿಯಾಗಿದ್ದರೆ ಹಳೆಯ ರಿವ್ಯೂ ಅಳಿಸದೆ, ಅದರ ಕೆಳಗೇ ಯಾವ ವರ್ಷನ್‌ನಲ್ಲಿ ಸರಿಹೋಯಿತೆಂದು ಒಂದು ಸಾಲು ಸೇರಿಸಿ ಸ್ಟಾರ್ ಬದಲಿಸಿ. 2019ರಿಂದ ಪ್ಲೇ ಸ್ಟೋರ್‌ನ ಸರಾಸರಿಯಲ್ಲಿ ಇತ್ತೀಚಿನ ಸ್ಟಾರ್‌ಗಳಿಗೇ ಹೆಚ್ಚು ತೂಕ ಸಿಗುತ್ತಿದೆ, 2021ರ ಕೊನೆಯಿಂದ ಫೋನ್‌ನಲ್ಲಿ ಕಾಣುವುದು ನಮ್ಮ ದೇಶದವರು ಕೊಟ್ಟ ಸ್ಟಾರ್‌ಗಳ ಸರಾಸರಿ. ಹಾಗಾಗಿ ನೀವು ಬದಲಿಸಿದ ಸ್ಟಾರ್ ಮುಂದೆ ಕೊಳ್ಳುವವರ ಫೋನ್‌ನಲ್ಲಿ ಕಾಣುವ ಅಂಕಿಗೇ ಹೋಗಿ ಸೇರುತ್ತದೆ.