ಪಿತ್ತಕ್ಕೆ ಲಗಾಮು ಹಾಕುವ ಜೀನ್

ಗಾಂಧಿ ಬಜಾರಿನಲ್ಲಿ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದು ಬರೀ ತಣ್ಣೀರಲ್ಲಿ ಕೈ ತೊಳೆದು ನೋಡಿ. ಬೆರಳಿನ ಜಿಡ್ಡು ಹೋಗುವುದಿಲ್ಲ, ನೀರು ಹನಿಹನಿಯಾಗಿ ಜಾರಿಬಿಡುತ್ತದೆ. ಸೋಪು ಬೇಕೇ ಬೇಕು. ಹೊಟ್ಟೆಗೆ ಹೋದ ಬೆಣ್ಣೆಗೂ ಬೇಕು ಅಲ್ವಾ? ಆ ಕೆಲಸ ಪಿತ್ತಾಮ್ಲದ್ದು. ತಲೆ ಸುತ್ತಿದಾಗ 'ಪಿತ್ತ ಜಾಸ್ತಿ ಆಗಿದೆ' ಅನ್ನುತ್ತೇವಲ್ಲ, ಆ ಮಾತಿನ ಪಿತ್ತ ಬೇರೆ. ಇದು ಲಿವರ್ ಕೊಲೆಸ್ಟ್ರಾಲ್‌ನಿಂದ ತಯಾರಿಸುವ ಸೋಪು.

ಇದನ್ನು ದೇಹ ಸುಮ್ನೆ ಚೆಲ್ಲುವುದಿಲ್ಲ. ಸಣ್ಣ ಕರುಳಿನ ಕೊನೆಗೆ ಬರುವ ಹೊತ್ತಿಗೆ 100ರಲ್ಲಿ ಸುಮಾರು 95 ಪಾಲನ್ನು ಹೀರಿಕೊಂಡು ರಕ್ತದ ಜೊತೆ ಲಿವರ್‌ಗೆ ವಾಪಸ್ ಕಳಿಸುತ್ತದೆ, ಅದೇ ಮತ್ತೆ ಕರುಳಿಗೆ ಬರುತ್ತದೆ, ದಿನಕ್ಕೆ ಹಲವು ಸಲ. ಕಳೆದುಹೋದ ಅರ್ಧ ಗ್ರಾಂನಷ್ಟನ್ನು ಹೊಸದಾಗಿ ಮಾಡಿಕೊಂಡರೆ ಸಾಕು. ಜಾಸ್ತಿ ಆದರೆ ಕಷ್ಟ. ಜೀವಕೋಶದ ಪೊರೆಯೂ ಜಿಡ್ಡಿನದೇ, ಸೋಪು ಅದನ್ನೂ ಬಿಡುವುದಿಲ್ಲ.

ಹಾಗಾದರೆ ಸಾಕು ಅನ್ನುವವರು ಯಾರು? ಎಫ್‌ಎಕ್ಸ್‌ಆರ್ ಅನ್ನುವ ಪ್ರೋಟೀನ್ ಪಿತ್ತಾಮ್ಲವನ್ನೇ ಹಿಡಿದು ಗುರುತಿಸುತ್ತದೆ ಅಂತ 1999ರಲ್ಲಿ ಗೊತ್ತಾಯಿತು. ಪಿತ್ತಾಮ್ಲ ಅಂಟಿದ ಕೂಡಲೇ ಅದು ಎನ್‌ಆರ್0ಬಿ2 ಅನ್ನುವ ಜೀನನ್ನು ಎಬ್ಬಿಸುತ್ತದೆ. ಆ ಜೀನಿನಿಂದ ಬರುವ ಪ್ರೋಟೀನ್ ಎಸ್‌ಎಚ್‌ಪಿ. ಅನ್ನ ಮಿಕ್ಕಿರುವಾಗ ಮತ್ತೆ ಒಲೆ ಹಚ್ಚಬೇಡಿ ಅನ್ನುವ ಮನೆಯ ಹಿರಿಯರ ಹಾಗೆ ಇದು ಪಿತ್ತಾಮ್ಲದ ತಯಾರಿಯನ್ನು ತಗ್ಗಿಸುತ್ತದೆ. ಕರುಳಿನಿಂದ ಬರುವ ಒಂದು ಹಾರ್ಮೋನು ಕೂಡ ಇದೇ ಮಾತನ್ನು ಲಿವರ್‌ಗೆ ಮುಟ್ಟಿಸುತ್ತದೆ.

ಎಸ್‌ಎಚ್‌ಪಿಯ ರೀತಿಯೇ ಬೇರೆ. ಇದು ನ್ಯೂಕ್ಲಿಯರ್ ರಿಸೆಪ್ಟರ್ ಅನ್ನುವ, ಜೀನ್‌ಗಳನ್ನು ಎಬ್ಬಿಸುವ ಇಲ್ಲವೇ ತಗ್ಗಿಸುವ ಪ್ರೋಟೀನ್‌ಗಳ ಗುಂಪಿನದು. ಮನುಷ್ಯರಲ್ಲಿ ಇಂಥವು 48 ಇವೆ. ಹೆಚ್ಚಿನವು ತಾವೇ ಹೋಗಿ ಡಿಎನ್‌ಎಯನ್ನು ಹಿಡಿದುಕೊಳ್ಳುತ್ತವೆ. ಇದಕ್ಕೆ ಹಿಡಿಯುವ ಆ ಭಾಗವೇ ಇಲ್ಲ! ಡಿಎನ್‌ಎ ಮೇಲೆ ಕೂತು ಕೆಲಸ ಮಾಡುತ್ತಿರುವ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ನನಗೆ ಇದನ್ನು ಎಷ್ಟು ಸಲ ಓದಿದರೂ ಬೆರಗು.

ಈ ಜೀನಿನ ಹೆಸರು ದೇಹದ ತೂಕದ ಮಾತಿನಲ್ಲೂ ಬರುತ್ತದೆ. ತೂಕಕ್ಕೂ ಇದಕ್ಕೂ ಏನು ಸಂಬಂಧ? ಜಪಾನಿನಲ್ಲಿ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದವರ ಜೀನ್‌ಗಳನ್ನು ಹುಡುಕುತ್ತಿದ್ದವರಿಗೆ ಕೆಲವರಲ್ಲಿ ಎನ್‌ಆರ್0ಬಿ2 ಕೆಟ್ಟಿರುವುದು ಕಂಡಿತು. ಆದರೆ ಅದು ಸಕ್ಕರೆ ಕಾಯಿಲೆಗಿಂತ ಸ್ವಲ್ಪ ಮಟ್ಟಿಗಿನ ಬೊಜ್ಜಿನ ಜೊತೆ ತಳುಕು ಹಾಕಿಕೊಂಡಿತ್ತು. ಇದು 2001ರ ಮಾತು. ದಪ್ಪಗಿರುವವರನ್ನು ಕಂಡರೆ 'ಬಾಯಿ ಕಟ್ಟಿ' ಅಂತ ಬುದ್ಧಿ ಹೇಳುತ್ತೇವೆ, ಅದು ನನಗೆ ಬಹಳ ನೋವು ಕೊಡುವ ಮಾತು, ಒಳಗೆ ಎಷ್ಟೊಂದು ಲೆಕ್ಕ ನಡೆದಿರುತ್ತದೆ ನೋಡಿ. ಹಾಗಂತ ಲಾಲ್‌ಬಾಗಿನಲ್ಲಿ ವಾಕಿಂಗ್ ಬರುವವರೆಲ್ಲರ ತೂಕಕ್ಕೆ ಇದೇ ಜೀನ್ ಕಾರಣ ಅನ್ನುವಂತಿಲ್ಲ. ಯುರೋಪಿನವರಲ್ಲಿ ಹುಡುಕಿದಾಗ ಇಂಥ ಬದಲಾವಣೆ ಸಿಕ್ಕಿದ್ದು ಅಪರೂಪ.

ಇಲಿಗಳಲ್ಲಿ ಕಥೆ ಉಲ್ಟಾ. ಈ ಜೀನನ್ನು ಪೂರ್ತಿ ತೆಗೆದ ಇಲಿಗಳಿಗೆ ಕೊಬ್ಬಿನ ಆಹಾರ ಹಾಕಿದರೆ ಅವು ಉಳಿದ ಇಲಿಗಳಷ್ಟು ದಪ್ಪಗಾಗಲಿಲ್ಲ, ಶಕ್ತಿಯನ್ನು ಜಾಸ್ತಿ ಸುಟ್ಟವು. ಆದರೆ ಒಂದು ವ್ಯತ್ಯಾಸ ಇದೆ. ಜಪಾನಿನವರಲ್ಲಿ ಕೆಟ್ಟಿದ್ದು, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬರುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ. ಇಲಿಗಳಲ್ಲಿ ಎರಡೂ ಇರಲಿಲ್ಲ.