ಸಂಕೋಲೆ ಕಳಚಿತು, ಸಾಲದ ಲೆಕ್ಕ ಉಳಿಯಿತು

ಜಗತ್ತಿನಲ್ಲಿ 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದಾರೆ ಎಂಬ ಮಾತು ಸುದ್ದಿಗಳಲ್ಲಿ ಆಗಾಗ ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಜೊತೆಗಾರ ಸಂಸ್ಥೆಗಳು 2021ರ ಪರಿಸ್ಥಿತಿ ನೋಡಿ ಹಾಕಿದ ಅಂದಾಜು ಅದು. ಬಿಡಿಸಿ ನೋಡಿದರೆ ಸುಮಾರು 2.8 ಕೋಟಿ ಬಲವಂತದ ದುಡಿಮೆ, 2.2 ಕೋಟಿ ಬಲವಂತದ ಮದುವೆ. ಮೀನುಗಾರಿಕೆ ಹಡಗು, ಇಟ್ಟಿಗೆ ಗೂಡು, ಮನೆಗೆಲಸ, ವೇಶ್ಯಾವಾಟಿಕೆ, ಈಚೆಗೆ ಆನ್‌ಲೈನ್ ವಂಚನೆಯ ಅಡ್ಡೆಗಳು ಎಲ್ಲವೂ ಆ ಒಂದೇ ಅಂಕಿಯೊಳಗಿವೆ. ಯಾವುದು ಗುಲಾಮಗಿರಿ, ಯಾವುದು ಮಾನವ ಕಳ್ಳಸಾಗಣೆ, ಯಾವುದು ಸುಮ್ನೆ ಕೆಟ್ಟ ನೌಕರಿ ಅಂತ ಗೊಂದಲ ಆಗುವುದು ಸಹಜವೇ.

ಹಳೆಯ ಕಥೆ ಗೊತ್ತಿರುವುದೇ. ಬ್ರಿಟನ್ 1833ರಲ್ಲಿ, ಅಮೆರಿಕ 1865ರಲ್ಲಿ, ಬ್ರೆಜಿಲ್ 1888ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದವು. ಮಾರಿಟಾನಿಯಾ 1981ರವರೆಗೂ ಕಾಯಿತು. ಇದರಲ್ಲಿ ಒಂದು ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟಿದ್ದು ಗುಲಾಮರಿಗಲ್ಲ, ಮಾಲೀಕರಿಗೆ. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಬಿಡುಗಡೆಯಾದವರ ಕೈಗೆ ಬಿಡಿಗಾಸೂ ಬರಲಿಲ್ಲ. ಬದಲಿಗೆ ಹೆಚ್ಚಿನವರು ಅದೇ ಮಾಲೀಕರ ಹತ್ತಿರ 'ತರಬೇತಿ'ಯ ಹೆಸರಿನಲ್ಲಿ 1838ರವರೆಗೆ ದುಡಿಯಬೇಕಾಯಿತು.

ಅವರು ಬಿಟ್ಟ ತೋಟಗಳಿಗೆ ಭಾರತದಿಂದ ಕೂಲಿಯಾಳುಗಳು ಹೋದರು. ಮಾರಿಷಸ್, ಗಯಾನಾ, ಟ್ರಿನಿಡಾಡ್. ಸಾಮಾನ್ಯವಾಗಿ ಐದು ವರ್ಷದ ಕರಾರು. ಕೆಲಸ ತಪ್ಪಿಸಿದರೆ ಕೂಲಿ ಕಡಿತ, ಜೈಲು. ಅಮೆರಿಕದ ದಕ್ಷಿಣ ಭಾಗದಲ್ಲಿ ಬಿಡುಗಡೆಯಾದವರು ಗೇಣಿಗೆ ಉತ್ತರು, ಬೀಜಕ್ಕೂ ಬಟ್ಟೆಗೂ ಸಾಲ ಬರೆಸಿದರು. ಸುಗ್ಗಿ ಮುಗಿದರೂ ಸಾಲ ಮುಗಿಯುತ್ತಿರಲಿಲ್ಲ. ಮನುಷ್ಯನನ್ನು ಕೊಳ್ಳುವ ಹಾಗಿಲ್ಲ, ಸರಿ. ಅವನನ್ನು ಸಾಲಗಾರನನ್ನಾಗಿ ಮಾಡಲು ಅಡ್ಡಿಯೇನೂ ಇರಲಿಲ್ಲ.

ಇಲ್ಲಿಂದ ಕಾನೂನು ಎರಡು ದಾರಿ ಹಿಡಿಯಿತು. ಈಗಿನ ಗೋಜಲಿಗೆ ಅರ್ಧ ಕಾರಣ ಇದೇ. ಒಂದು ದಾರಿ ದುಡಿಮೆಯನ್ನು ನೋಡಿತು. 1926ರ ಗುಲಾಮಗಿರಿ ಒಪ್ಪಂದ, 1930ರ ಬಲವಂತದ ದುಡಿಮೆಯ ಒಪ್ಪಂದ, ಆಮೇಲೆ 1956ರ ವಿಶ್ವಸಂಸ್ಥೆಯ ಪೂರಕ ಒಪ್ಪಂದ ಈ ಸಾಲಿನವು. 1956ರದ್ದು ಸಾಲದ ಜೀತವನ್ನು ಚೆನ್ನಾಗಿ ಹಿಡಿದಿತ್ತು: ಮಾಡಿದ ಕೆಲಸದ ನ್ಯಾಯವಾದ ಬೆಲೆ ಸಾಲಕ್ಕೆ ಜಮಾ ಆಗದಿದ್ದರೆ, ಅಥವಾ ಎಷ್ಟು ಕಾಲ, ಎಂಥ ಕೆಲಸ ಅನ್ನುವುದು ಗೊತ್ತಾಗಿರದಿದ್ದರೆ ಅದು ಜೀತ. ಇನ್ನೊಂದು ದಾರಿ ಗಡಿ ದಾಟುವುದನ್ನು ನೋಡಿತು. 1904ರಲ್ಲಿ ಯುರೋಪಿನ ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ಹೆಂಗಸರನ್ನು ಹೊರದೇಶದ ವೇಶ್ಯಾವಾಟಿಕೆಗೆ ಸಾಗಿಸುವುದರ ವಿರುದ್ಧ ಮಾಡಿಕೊಂಡ ಒಪ್ಪಂದ ಅದರ ಮೊದಲ ಹೆಜ್ಜೆ.

ಶತಮಾನದ ಕೊನೆಗೆ ಗೆದ್ದಿದ್ದು ಎರಡನೆಯ ದಾರಿ. ಮಾನವ ಕಳ್ಳಸಾಗಣೆ ವಿರುದ್ಧ ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಪಲೆರ್ಮೊ ಒಪ್ಪಂದದಲ್ಲಿ ಕಳ್ಳಸಾಗಣೆಗೆ ಮೂರು ಅಂಶ ಬೇಕು. ಕರೆತರುವುದು ಅಥವಾ ಇಟ್ಟುಕೊಳ್ಳುವುದು ಒಂದು, ಮೋಸ ಅಥವಾ ಬಲವಂತ ಇನ್ನೊಂದು, ಶೋಷಣೆಯ ಉದ್ದೇಶ ಮೂರನೆಯದು. ಮಕ್ಕಳ ವಿಷಯದಲ್ಲಿ ನಡುವಿನದ್ದು ಬೇಕಿಲ್ಲ. ಮೋಸವಾಗಿದ್ದರೆ 'ಒಪ್ಪಿಕೊಂಡೇ ಬಂದಿದ್ದರು' ಎಂಬ ವಾದವೂ ನಡೆಯುವುದಿಲ್ಲ. ಒಳ್ಳೆಯ ವ್ಯಾಖ್ಯೆಯೇ. ಆದರೆ ಇದನ್ನು ಜೋಡಿಸಿದ್ದು ಸಂಘಟಿತ ಅಪರಾಧದ ಒಪ್ಪಂದಕ್ಕೆ, ಕಾರ್ಮಿಕರ ಒಪ್ಪಂದಕ್ಕಲ್ಲ. ಪರಿಣಾಮ ಒಕ್ಕಣೆಯಲ್ಲೇ ಕಾಣುತ್ತದೆ. ಅಪರಾಧವೆಂದು ಕಾನೂನು ಮಾಡುವುದು ಕಡ್ಡಾಯ. ಸಿಕ್ಕಿಬಿದ್ದವರಿಗೆ ವಸತಿ, ಚಿಕಿತ್ಸೆ, ಕೆಲಸ ಕೊಡುವುದನ್ನು ಸರ್ಕಾರಗಳು 'ಪರಿಗಣಿಸಬೇಕು', ಅಷ್ಟೇ.

ಈ ಅಂತರ ಎದ್ದು ಕಂಡಿದ್ದು ಆಗ್ನೇಯ ಏಷ್ಯಾದ ವಂಚನೆ ಅಡ್ಡೆಗಳಲ್ಲಿ. ಕಾಂಬೋಡಿಯಾದ ಸಿಹಾನೂಕ್‌ವಿಲ್ ಕ್ಯಾಸಿನೊಗಳ ಊರಾಗಿ ಬೆಳೆದಿತ್ತು. 2019ರಲ್ಲಿ ಅಲ್ಲಿನ ಸರ್ಕಾರ ಆನ್‌ಲೈನ್ ಜೂಜಿಗೆ ತಡೆ ಹಾಕಿತು. ಮರುವರ್ಷ ಕೋವಿಡ್ ಬಂದು ಗಿರಾಕಿಗಳೂ ನಿಂತರು. ಕಟ್ಟಡ ಇತ್ತು, ಇಂಟರ್ನೆಟ್ ಇತ್ತು, ಕಾವಲು ಇತ್ತು. ದಂಧೆ ಜೂಜಿನಿಂದ ಆನ್‌ಲೈನ್ ವಂಚನೆಗೆ ಬದಲಾಯಿತು, ಆ ಕೆಲಸಕ್ಕೆ ಜನರನ್ನು ಮೋಸದಿಂದ ಕರೆತಂದರು. ಮ್ಯಾನ್ಮಾರ್‌ನಲ್ಲಿ, ಥಾಯ್ಲೆಂಡ್ ಗಡಿಗೆ ಅಂಟಿಕೊಂಡ ಮ್ಯಾವಡ್ಡಿಯ ಸುತ್ತ ಇಂಥವೇ ಎದ್ದವು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಕೊಂಡಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು.

ಒಳಗಾಗುವ ಕ್ರಮ ಹೀಗಿರುತ್ತದೆ. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಅಂತ ಜಾಹೀರಾತು. ಕಂಪ್ಯೂಟರ್ ಬಲ್ಲ, ಎರಡು ಮೂರು ಭಾಷೆ ಬರುವ ಹುಡುಗರೇ ಬೇಕು. ಬ್ಯಾಂಕಾಕ್‌ಗೆ ಟಿಕೆಟ್, ವಿಮಾನ ನಿಲ್ದಾಣದಲ್ಲಿ ಕಾರು, ಕೆಲವು ಗಂಟೆಗಳ ದಾರಿ, ಆಮೇಲೆ ಗಡಿಯ ಮೋಯಿ ನದಿ ದಾಟಿಸುತ್ತಾರೆ. ಪಾಸ್‌ಪೋರ್ಟ್ ಇಸಿದುಕೊಳ್ಳುತ್ತಾರೆ. ಆಮೇಲೆ ಲೆಕ್ಕ ಶುರು: ಟಿಕೆಟ್ಟು, ಏಜೆಂಟನ ಕಮಿಷನ್ನು, ಊಟ, ಮಂಚ ಎಲ್ಲ ನಿನ್ನ ಸಾಲ. ಪರದೆಯ ಆಚೆಗಿನವರನ್ನು ಪ್ರೀತಿಯ ನಾಟಕವಾಡಿ ಕ್ರಿಪ್ಟೊ ಹೂಡಿಕೆಗೆ ಇಳಿಸಬೇಕು. ಗುರಿ ಮುಟ್ಟದಿದ್ದರೆ ದಂಡ, ಹೊಡೆತ. ದಂಡವೂ ಸಾಲಕ್ಕೇ ಸೇರುತ್ತದೆ. ಬೇರೆ ಅಡ್ಡೆಗೆ ಮಾರಿದರೆ ಕೊಂಡವನು ಕೊಟ್ಟ ಹಣವೂ ಆ ಹುಡುಗನ ತಲೆಯ ಮೇಲೆಯೇ. 1956ರ ಒಕ್ಕಣೆ ಇಲ್ಲಿ ಅಕ್ಷರಕ್ಕಕ್ಷರ ಹೊಂದುತ್ತದೆ, ಅಲ್ವಾ?

2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಗೆ ವಿದ್ಯುತ್, ಇಂಧನ, ಇಂಟರ್ನೆಟ್ ಕಡಿತ ಮಾಡಿತು. ಮ್ಯಾವಡ್ಡಿ ಸುತ್ತಲಿನ ಅಡ್ಡೆಗಳಿಂದ ಸುಮಾರು 7,000 ಜನ ಹೊರಬಂದರು. ಹೊರಬಂದವರಲ್ಲಿ ಬಹಳ ಮಂದಿ ವಾರಗಟ್ಟಲೆ ತಾತ್ಕಾಲಿಕ ಶಿಬಿರಗಳಲ್ಲಿ ಕಾದರು. ಯಾರು ಬಲಿಪಶು, ಯಾರು ವಂಚಕ ಅನ್ನುವ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಒಬ್ಬನೇ ಎರಡೂ ಆಗಿರಬಹುದು. ವೀಸಾ ಅವಧಿ ಮುಗಿದಿದೆಯೇ ಅನ್ನುವುದನ್ನು ಪತ್ತೆ ಮಾಡುವುದು ಮಾತ್ರ ಸುಲಭ. ಹಲವು ಕಡೆ ಮೊದಲು ನಡೆಯುವ ತಪಾಸಣೆಯೂ ಅದೇ.

ಇನ್ನು ಯಾವ ಗಡಿಯನ್ನೂ ದಾಟದವರು ಜಾಸ್ತಿ ಜನ ಇದ್ದಾರೆ. ತಮ್ಮದೇ ದೇಶದ ಇಟ್ಟಿಗೆ ಗೂಡಿನಲ್ಲಿ, ಗಣಿಯಲ್ಲಿ, ಮನೆಯೊಳಗೆ ಮುಂಗಡಕ್ಕೆ ದುಡಿಯುವವರು. ಗಡಿ ಕಾಯುವವರ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಬಲವಂತದ ದುಡಿಮೆಯಿಂದ ವರ್ಷಕ್ಕೆ 236 ಶತಕೋಟಿ ಡಾಲರ್ ಅಕ್ರಮ ಲಾಭ ಹುಟ್ಟುತ್ತದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಅಂದಾಜಿಸಿತು. 2014ರಲ್ಲಿ ಅದು 150 ಶತಕೋಟಿ ಇತ್ತು.

ಸಾಲ ಹುಟ್ಟುವ ಜಾಗವನ್ನೇ ಮುಚ್ಚುವ ಒಂದು ನಿಯಮ ಇಲ್ಲದಿಲ್ಲ. ಕೆಲಸ ಕೊಡಿಸುವ ಏಜೆನ್ಸಿಗಳು ಕಾರ್ಮಿಕರಿಂದ ಶುಲ್ಕ ವಸೂಲಿ ಮಾಡಬಾರದು ಎಂದು ಅದೇ ಸಂಘಟನೆಯ 1997ರ 181ನೇ ಒಪ್ಪಂದ ಹೇಳುತ್ತದೆ. ಪಲೆರ್ಮೊಗೆ 180ರ ಆಸುಪಾಸು ದೇಶಗಳು ಸೇರಿವೆ. ಈ 181ನೇ ಒಪ್ಪಂದವನ್ನು ಒಪ್ಪಿಕೊಂಡವು ಅದರ ಕಾಲು ಭಾಗವೂ ಇಲ್ಲ.